ಏರಿದ್ದು ವಾಹನದ ಬೆಲೆ, ತೆತ್ತವರು ಯಾರು?

(ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ವಾಹನ ಚಾಲಕ-ಮಾಲಕರು, ವ್ಯಾಪಾರಿಗಳು ಹಾಗೂ ಜಮಾಅತ್ ಪದಾಧಿಕಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಯ ಆಮಂತ್ರಣ ಪತ್ರವನ್ನು ಕಂಡ ಗೆಳೆಯರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿ ಕೇಳಿದರು: ವಾಹನದ ಬೆಲೆಯ ಬಗ್ಗೆ ಶೋರೂಮಿನವರು ಮಾತನಾಡಲಿ, ಹಣಕಾಸು ಸಚಿವರು ಮಾತನಾಡಲಿ, ನಮಾಝ್-ಉಪವಾಸದ ಬಗ್ಗೆ ಹೇಳಬೇಕಾದ ನಿಮಗೆ ಅದೇಕೆ? ನಾವು ಅವರಿಗೆ ಮರುಪ್ರಶ್ನೆ ಹಾಕಿದೆವು. ನಿಮ್ಮ ಜಮಾಅತಿನಲ್ಲಿ ಕಂತು ತಪ್ಪಿದ್ದಕ್ಕೆ ಫೈನಾನ್ಸಿನವರು ಎಳೆದೊಯ್ದ ಆಟೋಗಳೆಷ್ಟು? ಕಾರಿನ ವಿಷಯದಲ್ಲಿ ಮುರಿದುಬಿದ್ದ ಮದುವೆ ಮಾತುಕತೆಗಳೆಷ್ಟು? ಎರಡಕ್ಕೂ ಅವರು ಕೈಬೆರಳು ಮಡಚಿ ಲೆಕ್ಕ ಹೇಳಿದರು. ಒಂದು ಕೈಯ ಬೆರಳುಗಳು ಸಾಲಲಿಲ್ಲ. ಆ ಲೆಕ್ಕವೇ ಇಂದಿನ ನಮ್ಮ ಮಾತಿಗೆ ಕಾರಣ.

ಈ ಮೂರು ತಾಲೂಕುಗಳ ಭೂಗೋಳವನ್ನು ಬಲ್ಲವರಿಗೆ ಇಲ್ಲಿ ವಾಹನವೆಂಬುದು ಶೋಕಿಯಲ್ಲವೆಂದು ವಿವರಿಸಬೇಕಿಲ್ಲ. ಬಯಲುಸೀಮೆಯಂತೆ ನಮ್ಮ ಮನೆಗಳು ಒಂದೆಡೆ ಗುಂಪಾಗಿಲ್ಲ. ತೋಟದ ನಡುವೆ ಒಂದು, ಗುಡ್ಡದ ನೆತ್ತಿಯಲ್ಲಿ ಇನ್ನೊಂದು. ಕೊಲ್ಲಮೊಗ್ರು, ಮಡಪ್ಪಾಡಿ, ಮಂಡೆಕೋಲು, ಕೊಂಬಾರು, ಶಿರಾಡಿ, ಪಾಣಾಜೆ ಇಲ್ಲೆಲ್ಲ ಸಂಜೆಯ ಕೊನೆಯ ಬಸ್ಸು ಹೋಯಿತೆಂದರೆ ಮರುದಿನದವರೆಗೆ ಆಟೋ ಅಥವಾ ಜೀಪೇ ಗತಿ. ಹೆರಿಗೆ ನೋವು ಕಾಣಿಸಿಕೊಂಡರೆ ಜೀಪು, ಅಡಿಕೆ ಚೀಲ ಸಾಗಿಸಲು ಪಿಕಪ್, ಮದ್ರಸಕ್ಕೆ ಮಕ್ಕಳನ್ನು ಬಿಡಲು ಓಮ್ನಿ. ಮಂಗಳೂರು ಬಂದರಿನಿಂದ ಮುಂಜಾನೆ ಹೊರಟ ಬಂಗುಡೆ ಮಧ್ಯಾಹ್ನದ ಊಟದ ಹೊತ್ತಿಗೆ ನೆಲ್ಯಾಡಿ, ಬಿಳಿನೆಲೆಯ ಅಡುಗೆಮನೆ ತಲುಪುತ್ತಿದ್ದರೆ ಅದಕ್ಕೆ ಹಿಂದೆ ಎಂ 80 ಬೈಕೂ ಈಗ ಅದರ ಸ್ಥಾನಕ್ಕೆ ಬಂದಿರುವ ಮೊಪೆಡ್‌ಗಳೂ ಕಾರಣ. ಹಾರ್ನ್ ಕೇಳಿಯೇ ಯಾರ ಮೀನಿನ ಗಾಡಿ ಬಂತೆಂದು ಬೆಕ್ಕುಗಳಿಗೂ ಗೊತ್ತಾಗುತ್ತದೆ! ಆ ಗಾಡಿಯ ಮೇಲಿರುವವರಲ್ಲಿ, ಆಟೋ ನಿಲ್ದಾಣದಲ್ಲಿ ಸರದಿ ಕಾಯುವವರಲ್ಲಿ, ಪಿಕಪ್ ಓಡಿಸುವವರಲ್ಲಿ ನಮ್ಮ ಸಮುದಾಯದವರು ಎಷ್ಟು ಮಂದಿ ಎಂಬುದನ್ನು ಈ ಸಭಾಂಗಣವೇ ಹೇಳುತ್ತಿದೆ. ಕೃಷಿಭೂಮಿ ಇಲ್ಲದವನಿಗೆ ಕೆಎ-21 ನೋಂದಣಿಯ ಒಂದು ವಾಹನವೇ ಭೂಮಿ.

ಅಭಾವ ಮತ್ತು ಬೆಲೆಯೇರಿಕೆ ನಮ್ಮ ದೇಶಕ್ಕೆ ಹೊಸತಲ್ಲ. ಲೈಸೆನ್ಸ್ ರಾಜ್ ಕಾಲದಲ್ಲಿ ಬಜಾಜ್ ಚೇತಕ್ ಸ್ಕೂಟರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಿತ್ತು. ಮಂಜೂರಾತಿ ಪತ್ರವೇ ಮಾರಾಟದ ಸರಕಾಗಿತ್ತು. ವಿದೇಶಿ ವಿನಿಮಯದಲ್ಲಿ ಹಣ ತೆತ್ತವರಿಗೆ ಆದ್ಯತೆಯ ಮೇಲೆ ವಾಹನ ದೊರೆಯುತ್ತಿತ್ತು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಗನೋ ಅಳಿಯನೋ ಇದ್ದ ಮನೆಗೆ ಸ್ಕೂಟರ್ ಬೇಗ ಬಂತು, ಪಕ್ಕದ ಮನೆಯವರು ಕಾದರು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಕೈ ಹಸ್ತಾಂತರಿಸಿದಾಗ ಅದರ ಬೆಲೆ ಐವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. 2008ರ ಜನವರಿಯಲ್ಲಿ ಟಾಟಾ ಸಂಸ್ಥೆಯು ನ್ಯಾನೋ ಕಾರನ್ನು ಪ್ರದರ್ಶಿಸಿ ಒಂದು ಲಕ್ಷಕ್ಕೆ ಕಾರು ಎಂದಿತು. 2018ರಲ್ಲಿ ಅದರ ಉತ್ಪಾದನೆ ನಿಂತಿತು. 1984ರಿಂದ ಬಂದ ಓಮ್ನಿ 2019ರಲ್ಲಿ ಕೊನೆಗೊಂಡಿತು. ಆಲ್ಟೋ 800 ಎಂಬುದು 2012ರ ಅಕ್ಟೋಬರಿನಲ್ಲಿ 2.44 ಲಕ್ಷದ ಆರಂಭಿಕ ಬೆಲೆಯೊಂದಿಗೆ ಬಂದು, 2023ರಲ್ಲಿ 3.54 ಲಕ್ಷದಲ್ಲಿದ್ದಾಗ ಕಣ್ಮರೆಯಾಯಿತು. ಬಡವನಿಗೆಂದು ಬಂದ ವಾಹನಗಳು ಒಂದೊಂದಾಗಿ ಹಿಂದೆ ಸರಿದ ಕತೆಯಿದು.

ಈ ಬೆಲೆಯೇರಿಕೆಗೆ ಏನೇನು ಕಾರಣ? ಮೊದಲನೆಯದು ನಿಯಮಗಳು. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ, ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಲೇ ಪಾವತಿಸುವುದು ಸುಪ್ರೀಂ ಕೋರ್ಟಿನ ಆದೇಶದಂತೆ ಕಡ್ಡಾಯವಾಯಿತು. 2019ರ ಏಪ್ರಿಲಿನಿಂದ ಬೈಕುಗಳಿಗೆ ಸುಧಾರಿತ ಬ್ರೇಕ್ ವ್ಯವಸ್ಥೆ ಬಂತು. 2020ರ ಏಪ್ರಿಲ್ 1ರಿಂದ ಬಿಎಸ್-6 ಇಂಜಿನ್. ಆಕ್ಟಿವಾ ಸ್ಕೂಟರಿನ ಬೆಲೆ ಈ ಒಂದು ಬದಲಾವಣೆಯೊಂದಿಗೆ ಸುಮಾರು 8 ಸಾವಿರ ರೂಪಾಯಿ ಮೇಲೇರಿತು. ಈ ನಿಯಮಗಳನ್ನು ನಾವು ವಿರೋಧಿಸುವುದಿಲ್ಲ. ಅಪಘಾತದಲ್ಲಿ ಮಡಿದವನ ಕುಟುಂಬಕ್ಕೆ ಪರಿಹಾರ ಸಿಗಬೇಕು, ನಮ್ಮ ಮಕ್ಕಳು ಉಸಿರಾಡುವ ಗಾಳಿ ಶುದ್ಧವಿರಬೇಕು. ಆದರೆ ಈ ಒಳಿತಿನ ಸಂಪೂರ್ಣ ಖರ್ಚನ್ನು ಕೊಳ್ಳುವವನ ಹೆಗಲಿಗೆ ಒಂದೇ ದಿನ ಹೊರಿಸಿ, ಅದೇ ವೇಳೆಗೆ ಸರಕಾರವು ಸ್ಕೂಟರಿನ ಮೇಲೂ ಆಟೋದ ಮೇಲೂ ಶೇ. 28 ಜಿಎಸ್‌ಟಿ ವಸೂಲು ಮಾಡುತ್ತಲೇ ಇತ್ತಲ್ಲ, ಅದನ್ನು ಪ್ರಶ್ನಿಸದಿರಲು ಸಾಧ್ಯವೇ? ಮೀನು ಮಾರುವವನ ಮೊಪೆಡ್ ಕೂಡ ಗರಿಷ್ಠ ತೆರಿಗೆಯ ಪಟ್ಟಿಯಲ್ಲಿತ್ತು. ಇದರ ಮೇಲೆ ರಾಜ್ಯದ ಆಜೀವ ತೆರಿಗೆ. ನಮ್ಮ ರಾಜ್ಯದಲ್ಲಿ 5 ಲಕ್ಷದಿಂದ 10 ಲಕ್ಷದವರೆಗಿನ ಕಾರಿಗೆ ಅದು ಶೇ. 14. ಆರು ಲಕ್ಷದ ಕಾರಿಗೆ 84 ಸಾವಿರ.

ಎರಡನೆಯದು ಅಭಾವ. 2020ರಲ್ಲಿ ಕೋವಿಡ್ ಲಾಕ್‌ಡೌನ್ ಬಂದಾಗ ಜಗತ್ತಿನ ಕಾರು ಕಂಪೆನಿಗಳು ತಮ್ಮ ಚಿಪ್ ಬೇಡಿಕೆಯನ್ನು ರದ್ದುಪಡಿಸಿದವು. ಮನೆಯಲ್ಲೇ ಕುಳಿತ ಜಗತ್ತು ಲ್ಯಾಪ್‌ಟಾಪ್, ಮೊಬೈಲುಗಳನ್ನು ಕೊಂಡಿತು. ಚಿಪ್ ಕಾರ್ಖಾನೆಗಳು ಅತ್ತ ತಿರುಗಿದವು. ಕಾರು ಕಂಪೆನಿಗಳು ಮರಳಿ ಬಂದಾಗ ಸರದಿಯ ಕೊನೆಯಲ್ಲಿ ನಿಲ್ಲಬೇಕಾಯಿತು. ಆ ಹೊತ್ತಿಗೇ, 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಪಾತ, ಮಾರ್ಚಿನಲ್ಲಿ ಜಪಾನಿನ ರೆನೆಸಾಸ್ ಕಂಪೆನಿಯ ಕಾರ್ಖಾನೆಯಲ್ಲಿ ಬೆಂಕಿ, ಬಳಿಕ ಮಲೇಷ್ಯಾದಲ್ಲಿ ಲಾಕ್‌ಡೌನ್. 2021ರ ಸೆಪ್ಟೆಂಬರಿನಲ್ಲಿ ತನ್ನ ಉತ್ಪಾದನೆ ಮಾಮೂಲಿನ ಶೇ. 40ರಷ್ಟೇ ಇರಬಹುದೆಂದು ಮಾರುತಿ ಸುಝುಕಿ ಪ್ರಕಟಿಸಿತು. ಉಗುರಿನಷ್ಟು ಗಾತ್ರದ ಒಂದು ಬಿಡಿಭಾಗ ಬಾರದೆ ಹೋದುದಕ್ಕೆ ನಮ್ಮೂರ ಶೋರೂಮಿನಲ್ಲಿ ವ್ಯಕ್ತಿಯೊಬ್ಬ ಮುಂಗಡ ಕೊಟ್ಟು ತಿಂಗಳುಗಟ್ಟಲೆ ಕಾದ. ಕಾಯುತ್ತಿದ್ದಾಗಲೇ ಬೆಲೆಯೂ ಏರಿತು. ಬುಕಿಂಗ್ ದಿನದ ಬೆಲೆಗಲ್ಲ, ವಿತರಣೆಯ ದಿನದ ಬೆಲೆಗೆ ವಾಹನ ಎಂಬ ಸಣ್ಣಕ್ಷರದ ಷರತ್ತನ್ನು ಆತ ಆಗಲೇ ಮೊದಲ ಬಾರಿಗೆ ಓದಿದ್ದು. 2021ರ ಜನವರಿಯಿಂದ 2022ರ ಮಾರ್ಚ್ ತನಕ ತಾನು ಬೆಲೆಯನ್ನು ಸುಮಾರು ಶೇ. 8.8ರಷ್ಟು ಏರಿಸಿರುವುದಾಗಿ ಅದೇ ಕಂಪೆನಿ ಹೇಳಿಕೊಂಡಿತು. ಬಳಿಕ ಉಕ್ರೇನ್ ಯುದ್ಧ. 2022ರ ಏಪ್ರಿಲಿನಲ್ಲಿ ಚಿಲ್ಲರೆ ಹಣದುಬ್ಬರ ಶೇ. 7.79 ತಲುಪಿತು. ಅದನ್ನು ತಗ್ಗಿಸಲು ರಿಸರ್ವ್ ಬ್ಯಾಂಕ್ ತನ್ನ ಬಡ್ಡಿ ದರವನ್ನು ಶೇ. 4ರಿಂದ 2023ರ ಫೆಬ್ರವರಿಯ ವೇಳೆಗೆ 6.5ಕ್ಕೆ ಏರಿಸಿತು. ವಾಹನವೂ ದುಬಾರಿ, ಅದಕ್ಕೆ ಪಡೆಯುವ ಸಾಲವೂ ದುಬಾರಿ.

ಈಗ ನಾವು ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಡುತ್ತೇವೆ. 2021ರ ಅಕ್ಟೋಬರ್ 7ರಂದು ಮಹೀಂದ್ರಾ ಕಂಪೆನಿಯ ಎಕ್ಸ್‌ಯುವಿ 700 ಎಂಬ ಕಾರಿಗೆ 57 ನಿಮಿಷಗಳಲ್ಲಿ 25 ಸಾವಿರ ಮಂದಿ ಬುಕಿಂಗ್ ಮಾಡಿದರು. ಅದರ ಆರಂಭಿಕ ಬೆಲೆಯೇ 12 ಲಕ್ಷದ ಹತ್ತಿರವಿತ್ತು. ಇತ್ತ ದೇಶದಲ್ಲಿ 2018-19ರಲ್ಲಿ 2.11 ಕೋಟಿ ದ್ವಿಚಕ್ರ ವಾಹನಗಳು ಮಾರಾಟವಾಗಿದ್ದರೆ, 2021-22ರಲ್ಲಿ ಮಾರಾಟವಾದುದು 1.34 ಕೋಟಿ. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಮಾಯ. 2024-25ರಲ್ಲಿ ಕಾರುಗಳ ಮಾರಾಟ 43 ಲಕ್ಷಕ್ಕೇರಿ ದಾಖಲೆ ನಿರ್ಮಿಸಿದಾಗಲೂ ದ್ವಿಚಕ್ರ ವಾಹನಗಳು 1.96 ಕೋಟಿಯಲ್ಲೇ ಇದ್ದವು, ಆರು ವರ್ಷ ಹಿಂದಿನ ಮಟ್ಟವನ್ನು ತಲುಪಿರಲಿಲ್ಲ. ಅಭಾವವು ಎಲ್ಲರನ್ನೂ ಸಮಾನವಾಗಿ ಕಾಡಿತೆಂದು ನಂಬಿಸಲಾಯಿತು. ನಿಜವಾಗಿ, ಇದ್ದ ಚಿಪ್‌ಗಳನ್ನು ಹೆಚ್ಚು ಲಾಭ ತರುವ ದೊಡ್ಡ ಕಾರುಗಳಿಗೆ ಬಳಸುವುದು ಜಗತ್ತಿನೆಲ್ಲೆಡೆ ಕಂಪೆನಿಗಳ ನೀತಿಯಾಯಿತು. ಹಣವಿದ್ದವನು ಸರದಿಯಲ್ಲಿ ನಿಂತ. ಇಲ್ಲದವನು ಸರದಿಯಿಂದಲೇ ಹೊರಬಿದ್ದ. ಹೊರಬಿದ್ದವನ ಬಗ್ಗೆ ಮಾಧ್ಯಮಗಳಲ್ಲಿ ಸುದ್ದಿಯಾಗಲಿಲ್ಲ. ಅವನು ಹಳೆಯ ಬೈಕಿಗೆ ಇನ್ನೊಮ್ಮೆ ಇಂಜಿನ್ ಕೆಲಸ ಮಾಡಿಸಿದ, ಅಷ್ಟೆ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರು, 350 ಸಿಸಿವರೆಗಿನ ಬೈಕ್, ಆಟೋ ಹಾಗೂ ಸರಕು ವಾಹನಗಳ ಜಿಎಸ್‌ಟಿಯನ್ನು ಶೇ. 28ರಿಂದ 18ಕ್ಕೆ ಇಳಿಸಲಾಯಿತು. ಆಲ್ಟೋ ಕೆ10 ಕಾರು 4.23 ಲಕ್ಷದಿಂದ 3.69 ಲಕ್ಷಕ್ಕೆ ಇಳಿಯಿತು. ಸ್ವಾಗತಿಸೋಣ. ಆದರೆ ಹಬ್ಬದ ಕೊಡುಗೆಯೆಂದು ಇದನ್ನು ಬಣ್ಣಿಸಿದವರು 2017ರ ಜುಲೈಯಿಂದ ಎಂಟು ವರ್ಷ ಆ ಹೆಚ್ಚುವರಿ ತೆರಿಗೆಯನ್ನು ತೆತ್ತವರಿಗೆ ಕೃತಜ್ಞತೆಯನ್ನಾದರೂ ಹೇಳಬಹುದಿತ್ತು.

ಸಹೋದರರೇ, ಬೆಲೆಯ ಬಗ್ಗೆ ಇಸ್ಲಾಮಿನ ನಿಲುವೇನು? ಮದೀನಾದಲ್ಲಿ ಒಮ್ಮೆ ಬೆಲೆಯೇರಿದಾಗ ದರ ನಿಗದಿಪಡಿಸಬೇಕೆಂದು ಜನರು ಪ್ರವಾದಿ ಮುಹಮ್ಮದ್(ಸ)ರನ್ನು ಕೇಳಿಕೊಂಡರು. ಅವರು ಒಪ್ಪಲಿಲ್ಲ. ಯಾರ ಮೇಲೂ ಅನ್ಯಾಯವೆಸಗಿದ ಹೊರೆಯಿಲ್ಲದೆ ಅಲ್ಲಾಹನನ್ನು ಭೇಟಿಯಾಗಲು ತಾವು ಬಯಸುವುದಾಗಿ ತಿಳಿಸಿದರು. ಅಭಾವದಿಂದ ಸಹಜವಾಗಿ ಏರಿದ ಬೆಲೆಗೆ ವ್ಯಾಪಾರಿಯನ್ನು ಶಿಕ್ಷಿಸುವಂತಿಲ್ಲ ಎಂದು ಅನೇಕ ವಿದ್ವಾಂಸರು ಇದರಿಂದ ಅರ್ಥೈಸಿದ್ದಾರೆ. ಆದರೆ ಅದೇ ಪ್ರವಾದಿ(ಸ)ರು ಬೆಲೆಯೇರಲೆಂದು ಸರಕನ್ನು ಅಡಗಿಸಿಡುವುದನ್ನು ಪಾಪವೆಂದರು. ಹಳ್ಳಿಯಿಂದ ಬರುವ ವ್ಯಾಪಾರಿ ಪೇಟೆಯ ದರ ತಿಳಿಯುವ ಮುನ್ನವೇ ಊರ ಹೊರಗೆ ಆತನನ್ನು ಅಡ್ಡಗಟ್ಟಿ ಕೊಳ್ಳುವುದನ್ನು ನಿಷೇಧಿಸಿದರು. ತನ್ನ ಕೈಯಲ್ಲಿಲ್ಲದ ವಸ್ತುವನ್ನು ಮಾರಬಾರದೆಂದರು. ಈ ಮಾನದಂಡವನ್ನು ತೈವಾನಿನ ಕಾರ್ಖಾನೆಗೆ ಅನ್ವಯಿಸುವ ಶಕ್ತಿ ನಮಗಿಲ್ಲ. ಕಬಕದಿಂದ ಸಂಪಾಜೆಯವರೆಗೆ ಅನ್ವಯಿಸಬಹುದಲ್ಲವೇ?

ಅಭಾವದ ಆ ಎರಡು ವರ್ಷಗಳಲ್ಲಿ ನಮ್ಮವರಲ್ಲೇ ಕೆಲವರು ಬೇಡದಿದ್ದರೂ ಎರಡು-ಮೂರು ಹೆಸರಿನಲ್ಲಿ ಕಾರು ಬುಕ್ ಮಾಡಿ, ಸರದಿ ಬಂದಾಗ ಅದನ್ನು ಹೆಚ್ಚುವರಿ ಹಣಕ್ಕೆ ಮಾರಿದರು. ಬುದ್ಧಿವಂತಿಕೆಯೆಂದು ಮದುವೆ ಮನೆಗಳಲ್ಲಿ ಹೇಳಿಕೊಂಡರು. ಹೊಸ ವಾಹನ ಸಿಗದಾಗ ಹಳೆಯ ವಾಹನಗಳ ದರವೂ ಏರಿತು. ಆ ವ್ಯಾಪಾರದಲ್ಲಿ ಸಮುದಾಯದ ಯುವಕರು ಬಹಳ ಮಂದಿ ಇದ್ದಾರೆ, ಪ್ರಾಮಾಣಿಕರೂ ಇದ್ದಾರೆ. ಅವರ ಕ್ಷಮೆ ಕೋರಿಯೇ ಹೇಳುತ್ತೇವೆ. ಕಿಲೋಮೀಟರ್ ಮೀಟರನ್ನು ಹಿಂದಕ್ಕೆ ತಿರುಗಿಸುವುದು, ಅಪಘಾತವಾದ ವಾಹನಕ್ಕೆ ಬಣ್ಣ ಬಳಿದು ಅದನ್ನು ಮುಚ್ಚಿಡುವುದು, ನೆರೆನೀರಿನಲ್ಲಿ ಮುಳುಗೆದ್ದ ಕಾರನ್ನು ವೈದ್ಯರೊಬ್ಬರು ಓಡಿಸುತ್ತಿದ್ದ ಕಾರೆಂದು ಮಾರುವುದು, ಇವೆಲ್ಲ ವ್ಯಾಪಾರದ ಚಾತುರ್ಯವೆಂದು ಪರಿಗಣಿತವಾಗಿವೆ. ಮದೀನಾದ ಪೇಟೆಯಲ್ಲಿ ಪ್ರವಾದಿ(ಸ)ರು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆಯಿತ್ತು. ಮಳೆ ಬಂದಿತ್ತೆಂದು ವ್ಯಾಪಾರಿ ಕಾರಣ ಹೇಳಿದ. ಹಾಗಾದರೆ ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂಬುದು ಪ್ರವಾದಿ(ಸ)ರ ಪ್ರಶ್ನೆಯಾಗಿತ್ತು. ಮೋಸ ಮಾಡುವವನು ತಮ್ಮವನಲ್ಲವೆಂದೂ ಹೇಳಿಬಿಟ್ಟರು. ಒದ್ದೆ ಧಾನ್ಯದ ಈ ಹದೀಸನ್ನು ನಾವು ಭಾಷಣಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಮೀಟರಿಗೂ ಅದು ಅನ್ವಯವೆಂದು ಯಾರೂ ನಮಗೆ ಹೇಳಿದಂತಿಲ್ಲ.

ಇನ್ನು ಬಡ್ಡಿಯ ವಿಷಯ. ಸುಳ್ಯ ಕಡೆಯ ಆಟೋ ಚಾಲಕರೊಬ್ಬರು ನಮಗೆ ಪರಿಚಿತರು. 2020ರ ಫೆಬ್ರವರಿಯಲ್ಲಿ, ಬಿಎಸ್-6 ಬಂದರೆ ಬೆಲೆಯೇರುತ್ತದೆಂದು ಹೆದರಿ, ಖಾಸಗಿ ಫೈನಾನ್ಸಿನಿಂದ ಸಾಲ ಪಡೆದು ಹೊಸ ಆಟೋ ಕೊಂಡರು. ಮಾರ್ಚಿನಲ್ಲಿ ಲಾಕ್‌ಡೌನ್. ಆಗಸ್ಟ್ ತನಕ ಕಂತಿಗೆ ವಿನಾಯಿತಿಯೇನೋ ಸಿಕ್ಕಿತು, ಬಡ್ಡಿಗೆ ಸಿಗಲಿಲ್ಲ. ಅದು ನಿಂತ ಆಟೋದ ಮೇಲೂ ಓಡುತ್ತಲೇ ಇತ್ತು. ರಾಜ್ಯ ಸರಕಾರ 2020ರಲ್ಲಿ ಚಾಲಕರಿಗೆ 5 ಸಾವಿರ, 2021ರಲ್ಲಿ 3 ಸಾವಿರ ಪರಿಹಾರ ಘೋಷಿಸಿತು. ಎರಡನೇ ಲಾಕ್‌ಡೌನಿನ ಬಳಿಕ ಒಂದು ಮುಂಜಾನೆ ಅಂಗಳದಿಂದ ಆಟೋವನ್ನು ಎಳೆದೊಯ್ದರು. ಇಂದು ಅವರು ಇನ್ನೊಬ್ಬರ ಆಟೋವನ್ನು ದಿನಬಾಡಿಗೆಗೆ ಓಡಿಸುತ್ತಾರೆ. ಹೊಸದನ್ನು ಕೊಳ್ಳುವ ಮಾತೇ ಇಲ್ಲ. ಆ ಆಟೋದ ಮಾಲಕರು ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವವರು. ಬಾಡಿಗೆ ಪಡೆಯುವುದು ಹಲಾಲ್, ನಮಗೆ ಆಕ್ಷೇಪವಿಲ್ಲ. ಆದರೆ ಆಟೋ ಹೋದ ದಿನ ಆ ಜಮಾಅತಿನಲ್ಲಿ ಅದನ್ನು ಬಿಡಿಸಿ ತರುವಷ್ಟು ಹಣವಿರಲಿಲ್ಲವೇ? ಇತ್ತು. ಆ ವರ್ಷವೇ ಮಸೀದಿಯ ಮುಂಭಾಗಕ್ಕೆ ಗ್ರಾನೈಟ್ ಹಾಸಲಾಗಿತ್ತು.

ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಕುರ್‌ಆನ್ ಹೆಸರಿಸಿದೆ. ಅವರಲ್ಲಿ ಸಾಲದಲ್ಲಿ ಸಿಲುಕಿದವರೂ ಇದ್ದಾರೆ. ರಮಝಾನಿನಲ್ಲಿ ಗೇಟಿನ ಮುಂದೆ ಸರದಿ ನಿಲ್ಲಿಸಿ ನೂರು-ಇನ್ನೂರರ ನೋಟು ಹಂಚುವ ನಮಗೆ ಈ ವರ್ಗ ಏಕೆ ಕಾಣಿಸುವುದಿಲ್ಲ? ಅವರು ಗೇಟಿಗೆ ಬರುವುದಿಲ್ಲ, ಅದಕ್ಕೇ. ಖಾಕಿ ಅಂಗಿ ತೊಟ್ಟು ನಮ್ಮನ್ನೇ ಕೂರಿಸಿಕೊಂಡು ಆಟೋ ಓಡಿಸುತ್ತಿರುತ್ತಾರೆ.

ಇನ್ನು ನಾವು ಹೇಳಲೇಬೇಕಾದ, ಹೇಳಲು ಸಂಕೋಚಪಡುವ ವಿಷಯ ಮದುವೆಯದು. ವರದಕ್ಷಿಣೆ ವಿರುದ್ಧ ಬಹಳ ವರ್ಷಗಳಿಂದ ಮಾತಾಡಿದ್ದೇವೆ. ನಗದು ಕೇಳುವುದು ಕೆಲವೆಡೆ ನಾಚಿಕೆಯ ವಿಷಯವಾಗಿದೆ ಕೂಡ. ಆದರೆ ನಗದು ಹೋದ ಬಾಗಿಲಿನಿಂದಲೇ ಕಾರು ಬಂತು, ಉಡುಗೊರೆ ಎಂಬ ಹೆಸರಿನೊಂದಿಗೆ. ನಗದಿಗೊಂದು ಅಂಕಿಯಾದರೂ ಇತ್ತು, ಐವತ್ತು ಸಾವಿರವೆಂದರೆ ಐವತ್ತು ಸಾವಿರ. ಕಾರಿಗೆ ಅಂಕಿಯಿಲ್ಲ. ಮಾರುಕಟ್ಟೆ ಏರಿದಾಗಲೆಲ್ಲ ಅದು ತಾನಾಗಿ ಏರುತ್ತದೆ. ಉಕ್ಕಿನ ಬೆಲೆ, ಚಿಪ್‌ನ ಅಭಾವ, ಬಿಎಸ್-6, ಆಜೀವ ತೆರಿಗೆ ಎಲ್ಲವೂ ಕೊನೆಗೆ ಹೆಣ್ಣು ಹೆತ್ತವರ ಪಟ್ಟಿಗೆ ಬಂದು ಸೇರುತ್ತವೆ. ಹುಡುಗ ಒಂದು ಮಾತು ಹೆಚ್ಚು ಕೇಳದೆಯೇ ವರದಕ್ಷಿಣೆ ಎರಡು ಪಟ್ಟಾಗುತ್ತದೆ!

ಬಾಳೆಕಾಯಿ ವ್ಯಾಪಾರ ಮಾಡುವ ಒಬ್ಬ ತಂದೆ 2021ರಲ್ಲಿ ಮಗಳ ನಿಶ್ಚಿತಾರ್ಥದ ಬಳಿಕ ಸಣ್ಣ ಕಾರೊಂದನ್ನು ಬುಕ್ ಮಾಡಿದರು. ಕಾರು ಬರುವುದು ತಡವಾಯಿತು. ಮದುವೆಯ ದಿನ ಹತ್ತಿರ ಬಂತು. ಕೂಡಲೇ ಸಿಗುವುದು ಅದಕ್ಕಿಂತ ದೊಡ್ಡ ಕಾರು, ಅದನ್ನೇ ಕೊಡಿಸಿ, ವ್ಯತ್ಯಾಸ ಹೆಚ್ಚೇನಿಲ್ಲ ಎಂದು ಹುಡುಗನ ಕಡೆಯವರು ಹೇಳಿ ಕಳುಹಿಸಿದರು. ವ್ಯತ್ಯಾಸವು ಎರಡೂವರೆ ಲಕ್ಷವಾಗಿತ್ತು. ತಂದೆ ಏಳು ವರ್ಷದ ಸಾಲ ಮಾಡಿದರು. ಮದುವೆ ನಡೆಯಿತು. ಕಾರಿನ ಕಂತನ್ನು ಇಂದೂ ಅವರೇ ಕಟ್ಟುತ್ತಿದ್ದಾರೆ, ಎರಡನೇ ಮಗಳಿಗೆ ವಯಸ್ಸಾಗುತ್ತಿದೆ. ನಿಕಾಹ್‌ನ ದಿನ ರಿಬ್ಬನ್ ಕಟ್ಟಿದ ಆ ಕಾರಿನ ಸುತ್ತ ನಿಂತು ಮೈಲೇಜ್ ಎಷ್ಟೆಂದು ಕೇಳಿದವರಲ್ಲಿ ನಾವೂ ಇದ್ದೆವು. ಊಟವನ್ನೂ ಮಾಡಿದೆವು. ಮಹ್ರ್ ಕೊಡಬೇಕಾದವನು ಗಂಡು ಎಂದು ಸೂರಃ ಅನ್ನಿಸಾದ ಆರಂಭದಲ್ಲೇ ಹೇಳಲಾಗಿದೆ. ಅದನ್ನು ಓದಿದ ಉಸ್ತಾದರೂ ಅದೇ ಪಂಕ್ತಿಯಲ್ಲಿದ್ದರು.

1961ರ ವರದಕ್ಷಿಣೆ ನಿಷೇಧ ಕಾನೂನು ಇದೆ. ಆದರೆ ಅದಕ್ಕೂ ಮುಂಚೆ ಜಮಾಅತಿನ ನಿಕಾಹ್ ಪುಸ್ತಕವಿದೆ. ಹೆಣ್ಣಿನ ಕಡೆಯಿಂದ ವಾಹನ ಕೊಡಲಾಗಿದೆಯೇ, ಅದರ ಸಾಲ ಯಾರ ಹೆಸರಿನಲ್ಲಿದೆ ಎಂಬ ಒಂದು ಪ್ರಶ್ನೆಯನ್ನು ಆ ಪುಸ್ತಕದಲ್ಲಿ ಸೇರಿಸಲು ಜಮಾಅತ್ ಕಮಿಟಿಗಳಿಗೆ ಯಾವ ಸರಕಾರದ ಅನುಮತಿಯೂ ಬೇಕಿಲ್ಲ. ಉತ್ತರ ಬರೆಯಿಸುವಾಗ ಕೆಲವರ ಕೈ ನಡುಗಿದರೆ ಅಷ್ಟೇ ಸಾಕು.

ಬದಲಿ ವ್ಯವಸ್ಥೆಯೇನೆಂದು ಯುವಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕೊಡಬೇಕೆಂದು ರಘುರಾಮ್ ರಾಜನ್ ನೇತೃತ್ವದ ಸಮಿತಿ 2008ರಲ್ಲಿ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಆದುದರಿಂದ ಬ್ಯಾಂಕಿನ ದಾರಿ ಸದ್ಯಕ್ಕಿಲ್ಲ. ಮತ್ತೊಂದೆಡೆ, ಹಲಾಲ್ ಲಾಭದ ಹೆಸರಿನಲ್ಲಿ ಠೇವಣಿ ಸಂಗ್ರಹಿಸಿದ ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಕುಸಿದು ಸಾವಿರಾರು ಕುಟುಂಬಗಳನ್ನು ಬೀದಿಗೆ ತಂದುದನ್ನು ನಾವು ಮರೆತಿಲ್ಲ. ಗಡ್ಡ-ಟೋಪಿ ನೋಡಿ ಹಣ ಕೊಡಬೇಡಿ, ನೋಂದಣಿ ಮತ್ತು ಲೆಕ್ಕಪತ್ರ ನೋಡಿ ಕೊಡಿ.

ನಮ್ಮ ಸಲಹೆ ಸಣ್ಣದು. ಲಾಭದ ಆಸೆ ತೋರಿಸದ, ಯಾರಿಂದಲೂ ಠೇವಣಿ ಪಡೆಯದ, ಕೇವಲ ದಾನ ಮತ್ತು ಝಕಾತಿನ ಹಣದಿಂದ ನಡೆಯುವ ಒಂದು ನಿಧಿ. ಮೂರು ತಾಲೂಕುಗಳಿಗೆ ಒಂದೇ, ಕಾನೂನಿನಂತೆ ನೋಂದಾಯಿತ. ಎರಡು ಖಾತೆ ಬೇರೆಬೇರೆ. ಝಕಾತಿನ ಖಾತೆಯಿಂದ ಸಾಲದಲ್ಲಿ ಸಿಲುಕಿದವನ ಬಾಕಿ ತೀರಿಸಿ ವಾಹನ ಬಿಡಿಸುವುದು. ಅದನ್ನು ಮರಳಿ ಕೇಳುವಂತಿಲ್ಲ. ದಾನದ ಖಾತೆಯಿಂದ ಆಟೋ ಅಥವಾ ಪಿಕಪ್ ಕೊಂಡು, ನಿಗದಿತ ಬೆಲೆಗೆ ಕಂತಿನ ಮೇಲೆ ಮಾರುವುದು. ಕಂತು ತಡವಾದರೆ ಬೆಲೆ ಏರಕೂಡದು. ಸಾಲದ ವ್ಯವಹಾರವನ್ನು ಸಾಕ್ಷಿಗಳೊಂದಿಗೆ ಬರೆದಿಡಬೇಕೆಂದು ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಕಲಿಸುತ್ತದೆ, ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂದು ಅದಕ್ಕಿಂತ ಎರಡು ಸೂಕ್ತ ಹಿಂದೆ ಹೇಳಲಾಗಿದೆ. ಎರಡನ್ನೂ ಒಟ್ಟಿಗೇ ಪಾಲಿಸಬೇಕು. ಬರೆಯದೆ ಕೊಟ್ಟರೆ ಸಂಬಂಧ ಕೆಡುತ್ತದೆ, ಬರೆದು ಹಿಂಡಿದರೆ ಫೈನಾನ್ಸಿನವರಿಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ. ದಾನದ ಖಾತೆಯು ಧರ್ಮ ಕೇಳದೆ ಎಲ್ಲರಿಗೂ ತೆರೆದಿರಲಿ. ಅದೇ ನಿಲ್ದಾಣದಲ್ಲಿ ಸರದಿ ಕಾಯುವ ಇತರ ಸಹೋದರರ ಕಂತೂ ನಮ್ಮ ಕಂತಿನಷ್ಟೇ ಭಾರವಾದುದು.

ಸುಳ್ಯದ ಅಡಿಕೆ ತೋಟಗಳಿಗೆ ಹಳದಿ ರೋಗವೂ ಎಲೆಚುಕ್ಕಿ ರೋಗವೂ ಬಂದಿರುವಾಗ, ಕೊಲ್ಲಿಯಿಂದ ಯುವಕರು ಕೆಲಸ ಕಳೆದುಕೊಂಡು ಮರಳುತ್ತಿರುವಾಗ ಇದಕ್ಕೆಲ್ಲ ಹಣವೆಲ್ಲಿದೆ ಎಂದು ಹಿರಿಯರು ಕೇಳಬಹುದು. ಈ ಸಭಾಂಗಣದ ಹೊರಗೆ ನಿಂತಿರುವ ವಾಹನಗಳನ್ನು ನಾವು ಒಳಬರುವಾಗ ನೋಡಿದೆವು. ಹತ್ತು ಲಕ್ಷ ದಾಟಿದವು ಕೆಲವಿವೆ. ಅವು ಹಲಾಲ್ ಗಳಿಕೆಯೆಂದೇ ನಾವು ಭಾವಿಸುತ್ತೇವೆ. ಅವುಗಳ ಒಂದು ವರ್ಷದ ಸರ್ವೀಸ್ ಖರ್ಚಿನಷ್ಟನ್ನು ಮಾತ್ರ ನಾವು ಕೇಳುತ್ತಿದ್ದೇವೆ.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಪುಸ್ತಕವಿದೆ. ಎಡಪುಟದಲ್ಲಿ ಕೊಡುವವರು ಹೆಸರು ಬರೆಯಬಹುದು. ಬಲಪುಟ ಖಾಲಿಯಿದೆ, ಅದರಲ್ಲಿ ಬರೆಯಬೇಕಾದವರು ಈ ಜನಸಂದಣಿಯ ನಡುವೆ ಮೇಜಿನ ಬಳಿ ಬರಲಾರರು. ಅವರ ಹೆಸರುಗಳನ್ನು ಆಯಾ ಜಮಾಅತಿನ ಕಾರ್ಯದರ್ಶಿಗಳು ಮುಂದಿನ ಶುಕ್ರವಾರದೊಳಗೆ, ಯಾರಿಗೂ ತಿಳಿಯದಂತೆ ನಮಗೆ ತಲುಪಿಸಬೇಕಾಗಿ ವಿನಂತಿ. ಸುಳ್ಯದ ಆ ಆಟೋ ಚಾಲಕರ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯಲು ಅವರ ಒಪ್ಪಿಗೆಯನ್ನು ನಾವು ನಿನ್ನೆಯೇ ಪಡೆದಿದ್ದೇವೆ.